ಚೂರಿಗೆ ಚಂದದ ಮರದ ಹಿಡಿ: ನಮ್ಮ ಕರಾವಳಿ ಹವೆಯಲ್ಲಿ ಬಿರುಕು ಬಿಡದ ಹಾಗೆ ಹಾಕುವ ಸಮಗ್ರ ಮಾರ್ಗದರ್ಶಿ

ಆಟಿ ತಿಂಗಳಲ್ಲಿ ಮಳೆಗೆ ಹೊರಗೆ ಕಾಲಿಡ್ಲಿಕ್ಕೆ ಆಗುದಿಲ್ಲ ಅಂತ ಮನೆಯಲ್ಲೇ ಕೂತು ಚೂರಿಗೆ ಬೀಟೆಯದ್ದೋ ಹಲಸಿನದ್ದೋ ಹಿಡಿ ಹಾಕ್ತಾರೆ, ಎಣ್ಣೆ ಹಚ್ಚಿದ ದಿನ ನೋಡ್ಲಿಕ್ಕೆ ಬಹಳ ಚಂದ ಇರ್ತದೆ, ಆದ್ರೆ ಜನವರಿ ಬರುವಾಗ ಹಿಡಿಯನ್ನು ಅಲಗಿಗೆ ಕೂಡಿಸುವ ಪಿನ್ನಿನ ಹತ್ತಿರ ಕೂದಲೆಳೆಯಷ್ಟು ಬಿರುಕು, ಫೆಬ್ರವರಿಗೆ ಹಿಡಿಯ ಅಂಚಿನಿಂದ ಕಬ್ಬಿಣ ಹೊರಗೆ ಬಂದು ಬೆರಳಿಗೆ ತಾಗ್ಲಿಕ್ಕೆ ಶುರು. ಮಂಗಳೂರು, ಉಡುಪಿ ಕಡೆ ತಾವೇ ಹಿಡಿ ಹಾಕುವವರಲ್ಲಿ ಹೆಚ್ಚಿನವರು ಸೋಲುದು ಇಲ್ಲೇ. ಎಲ್ಲರೂ ಮೊದಲು ಕೇಳುದು "ಯಾವ ಮರ ಒಳ್ಳೆದು" ಅಂತ. ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಮರ ಒಣಗಿದ್ಯಾ, ಅದರ ಎಳೆ (ನಾರಿನ ಸಾಲು) ಯಾವ ಕಡೆ ಹೋಗ್ತದೆ ಅಂತ. ಸರಿ ಒಣಗಿದ ಮಾವಿನ ಮರ, ಹಸಿ ಬೀಟೆಗಿಂತ ಹತ್ತು ಪಾಲು ಒಳ್ಳೆ ಹಿಡಿ ಆಗ್ತದೆ.

ಇಲ್ಲಿ ಹೇಳುದು ಅಲಗಿನ ಬಾಲ (ಹಿಡಿಯೊಳಗೆ ಹೋಗುವ ಕಬ್ಬಿಣ) ಹಿಡಿಯ ಪೂರ್ತಿ ಉದ್ದಕ್ಕೆ ಬರುವ, ಎರಡು ಕಡೆಯಿಂದ ಮರದ ಹೋಳು ಅಂಟಿಸುವ ಚೂರಿಗೆ. ಆಚಾರಿಗಳು ಬಾಲ ಕಾಯಿಸಿ ಮರದೊಳಗೆ ಇಳಿಸಿ ಬಳೆ ಹಾಕುವ ಕತ್ತಿಯ ಕ್ರಮ ಬೇರೆ, ಆದ್ರೆ ಅದಕ್ಕೂ ಹಂತ 1ರಿಂದ 3ರವರೆಗೆ ಹಾಗೇ ಅನ್ವಯ ಆಗ್ತದೆ.

ಮೊದಲು ಈ ಲೆಕ್ಕ ತಲೆಯಲ್ಲಿರ್ಲಿ

ಮರ ಕಡಿದು ಎಷ್ಟು ವರ್ಷ ಆದ್ರೂ ಹವೆಯಿಂದ ನೀರಿನಂಶ ಎಳ್ಕೊಳ್ತದೆ, ಬಿಡ್ತದೆ. ನಮ್ಮಲ್ಲಿ ಜುಲೈ ತಿಂಗಳ ಹವೆಯಲ್ಲಿ ಇಟ್ಟ ಮರದಲ್ಲಿ ತೂಕದ ಸುಮಾರು 18ರಿಂದ 20 ಶೇಕಡಾ ನೀರು ನಿಲ್ತದೆ. ಅದೇ ತುಂಡು ದಿನವಿಡೀ ಎಸಿ ಓಡುವ ಕೋಣೆಗೆ ಹೋದ್ರೆ ಸುಮಾರು 9 ಶೇಕಡಾಕ್ಕೆ ಇಳೀತದೆ. ಈ ಇಳಿತಕ್ಕೆ ತೇಗದಂಥ ಸ್ಥಿರವಾದ ಮರ ಕೂಡ 30 ಮಿಮೀ ಅಗಲದ ಹಿಡಿಯಲ್ಲಿ, ವರ್ಷದ ಗೆರೆ (ಮರ ವರ್ಷ ವರ್ಷ ಬೆಳೆದ ಗುರುತು) ತಪ್ಪು ದಿಕ್ಕಿಗೆ ಇದ್ರೆ, ಸುಮಾರು ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ಗೆರೆ ಸರಿ ದಿಕ್ಕಿಗೆ ಇದ್ರೆ ಅದರ ಅರ್ಧ ಮಾತ್ರ, ಯಾವುದು ಸರಿ ದಿಕ್ಕು ಅಂತ ಹಂತ 4ರಲ್ಲಿ ಉಂಟು. ಉದ್ದಕ್ಕೆ ಕುಗ್ಗುದು ಇಲ್ಲ ಅನ್ನುವಷ್ಟು ಕಡಿಮೆ. ಕಬ್ಬಿಣ ಮಾತ್ರ ಇದ್ದಲ್ಲೇ ಇರ್ತದೆ, ಪಿನ್ನು ಮರವನ್ನು ಹಿಡಿದುಕೊಂಡಿರ್ತದೆ, ಹಾಗಾಗಿ ಮರ ಪಿನ್ನಿನ ಹತ್ತಿರವೇ ಸೀಳ್ತದೆ.

ಬೇಕಾದ ಸಾಮಾನು

ಸಣ್ಣ ಹಲ್ಲಿನ ಗರಗಸ, ಮರದ ಒರಟು ಅರ ಒಂದು, ಕಬ್ಬಿಣದ ನಯ ಅರ ಒಂದು, 80, 120, 220, 400 ನಂಬ್ರದ ಸ್ಯಾಂಡ್ ಪೇಪರ್, ಡ್ರಿಲ್, 5 ಮಿಮೀ ಹಿತ್ತಾಳೆ ರಾಡ್, ಕಮ್ಮಿಯಲ್ಲಿ 3 ಕ್ಲ್ಯಾಂಪ್, ಎರಡು ಟ್ಯೂಬಿನ ನಿಧಾನ ಗಟ್ಟಿಯಾಗುವ ಎಪಾಕ್ಸಿ ಅಂಟು, ಜಿಡ್ಡು ಒರೆಸ್ಲಿಕ್ಕೆ ಅಸಿಟೋನ್, ಮಾಸ್ಕಿಂಗ್ ಟೇಪ್. ಒಂದು ಗಾಜಿನ ತುಂಡು ಅಥವಾ ಉಳಿದ ಗ್ರಾನೈಟ್ ಟೈಲ್ ಬೇಕು, ಮಟ್ಟ ನೋಡ್ಲಿಕ್ಕೆ.

ಮತ್ತೆ ಎರಡು ಸಾಮಾನು ಜನ ಬಿಟ್ಟೇ ಬಿಡ್ತಾರೆ. ಒಂದು, 0.1 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ. ಅಡಿಗೆಮನೆ ತಕ್ಕಡಿ 1 ಗ್ರಾಂ ಮಾತ್ರ ತೋರಿಸ್ತದೆ, ಒಂದು ಹೋಳು ಇರುದೇ 35 ಗ್ರಾಂ ಆಸುಪಾಸು, ಅದರಲ್ಲಿ ಎಂತದೂ ಗೊತ್ತಾಗುದಿಲ್ಲ. ಇನ್ನೊಂದು ಎನ್95 ಮಾಸ್ಕ್. ಬೀಟೆ, ತೇಗ ಎರಡರ ಹುಡಿಗೂ ಚರ್ಮ ತುರಿಸುದು, ಕೆಮ್ಮು ಬರುದು ಉಂಟು, ಬೀಟೆಯದ್ದು ಕೆಲವರಿಗೆ ಒಮ್ಮೆ ಅಲರ್ಜಿ ಆದ್ರೆ ಮತ್ತೆ ಪ್ರತಿ ಸಲವೂ ಆಗ್ತದೆ. ಕರ್ಚೀಫ್ ಕಟ್ಟಿದ್ರೆ ಸಾಲುದಿಲ್ಲ.

ಹಂತ 1: ಮರ ಆರಿಸುದು

ಆನ್‌ಲೈನಲ್ಲಿ ವಿದೇಶಿ ಮರದ ಹೋಳು ತರಿಸಿ ದುಡ್ಡು ಹಾಕುವ ಮುಂಚೆ ನಮ್ಮ ಸುತ್ತ ಎಂತ ಸಿಗ್ತದೆ ಅಂತ ನೋಡಿ. ಹಳೆ ಹಂಚಿನ ಮನೆ ಕೆಡವುವಾಗ ಬರುವ ಪಕ್ಕಾಸು (ಮಾಡಿನ ಇಳಿಜಾರು ಮರ), ರೀಪು (ಹಂಚು ಕೂರುವ ಪಟ್ಟಿ), ದಾರಂದ (ಬಾಗಿಲ ಚೌಕಟ್ಟು), ಕಿಟಕಿ ಚೌಕಟ್ಟು, ಇದಕ್ಕಿಂತ ಒಳ್ಳೆ ಮರ ಹಿಡಿಗೆ ಬೇರೆ ಇಲ್ಲ ಅಂತ ನಾನು ಖಂಡಿತವಾಗಿ ಹೇಳ್ತೇನೆ. ಮಾಡಿನ ಕೆಳಗೆ ದಶಕಗಟ್ಲೆ ಮಳೆ ಬಿಸಿಲು ನೋಡಿ ಕೂತ ಮರ ಅದು, ತಿರುಚುದಿದ್ರೆ ಎಂದೋ ತಿರುಚಿ ಆಗಿದೆ. ಫರ್ನಿಚರ್ ಮಾಡುವ ಆಚಾರಿಗಳ ಕೊಟ್ಟಿಗೆಯಲ್ಲಿ ಉಳಿಯುವ ತುಂಡುಗಳನ್ನೂ ಕೇಳಿ, ಹಿಡಿಗೆ ಬೇಕಾದದ್ದು ಗೇಣುದ್ದ ಮಾತ್ರ.

ತೇಗ: ಮೊದಲ ಸಲ ಹಾಕುವವರು ಕಣ್ಣು ಮುಚ್ಚಿ ಇದನ್ನೇ ತಕ್ಕೊಳ್ಳಿ. ಕುಗ್ಗುದು ಕಡಿಮೆ, ನೀರಿಗೆ ತಡೀತದೆ, ಮಲ್ಪೆ ಬಂದರಲ್ಲಿ ಉಪ್ಪುನೀರು, ಮೀನಿನ ನಡುವೆ ಬಳಸುವ ಚೂರಿಗೂ ಆಗ್ತದೆ. ತೊಂದರೆ ಒಂದೇ, ಮರದೊಳಗೆ ಎಣ್ಣೆ ಅಂಶ ಉಂಟು, ಅಂಟು ಹಿಡಿಯುದಿಲ್ಲ. ಅದಕ್ಕೆ ಉಪಾಯ ಹಂತ 6ರಲ್ಲಿ.

ಹಲಸು: ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುದು ಇದನ್ನು. ಕೊಯ್ದಾಗ ಹಳದಿ, ಬೆಳಕು ಬಿದ್ದು ಬಿದ್ದು ಕಂದು ಕೆಂಪಿಗೆ ತಿರುಗ್ತದೆ, ವೀಣೆ ಮಾಡುದು ಇದೇ ಮರದಲ್ಲಿ. ಒಳಗಿನ ಚೇಗು ಮಾತ್ರ ತಕ್ಕೊಳ್ಬೇಕು, ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡೀತದೆ. ಹಳದಿ ಬಣ್ಣ ಹಾಗೇ ಉಳೀಲಿ ಅಂತ ಆಸೆ ಪಡ್ಬೇಡಿ, ಯಾವ ಪಾಲಿಶಿಗೂ ಅದು ನಿಲ್ಲುದಿಲ್ಲ.

ಬೀಟೆ: ಚಂದಕ್ಕೆ ಇದಕ್ಕೆ ಸಾಟಿ ಇಲ್ಲ, ನೇರಳೆ ಕಪ್ಪು ಗೆರೆ, ಕೈಗೆ ಭಾರ. ತೇಗ ಒಂದು ಘನ ಮೀಟರಿಗೆ 650 ಕೆಜಿ ಆಸುಪಾಸು, ಬೀಟೆ 830 ಆಸುಪಾಸು, ಹಾಗಾಗಿ ತೆಳು ಅಲಗಿನ ಚೂರಿಗೆ ಹಾಕಿದ್ರೆ ಹಿಂದೆ ಭಾರ ಆಗ್ತದೆ. ಬಿಲ್ಲು ಇರುವ ಕಡೆಯಿಂದ, ಇಲ್ಲದಿದ್ರೆ ಹಳೆ ಮಂಚ, ಕುರ್ಚಿಯಿಂದ ಮಾತ್ರ ತಕ್ಕೊಳ್ಳಿ. ತೋಟದಲ್ಲಿ ಇದ್ರೂ ಹೇಳದೆ ಕೇಳದೆ ಕಡಿಯುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಯ ಕುಲ ಪೂರ್ತಿ 2017ರ ಜನವರಿಯಿಂದ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಗಿಡಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣದಲ್ಲಿ ಉಂಟು, ವಿದೇಶಕ್ಕೆ ಉಡುಗೊರೆ ಕಳಿಸುವ ಯೋಚನೆ ಇದ್ರೆ ನಿಯಮ ಕೇಳಿಯೇ ಕಳಿಸಿ.

ಹುಣಸೆ: ಮಾಂಸದ ಅಂಗಡಿಯ ಕೊರಡು ಇದರದ್ದೇ, ಪೆಟ್ಟು ಎಷ್ಟು ತಡೀತದೆ ಅಂತ ಅಲ್ಲೇ ಗೊತ್ತಾಗ್ತದೆ. ಹಳೆ ಮರದ ನಡುವಿನ ಕಪ್ಪು ನೇರಳೆ ಚೇಗು ಸಿಕ್ಕಿದ್ರೆ ಬಿಡ್ಬೇಡಿ. ಅರಕ್ಕೆ ಬಗ್ಗುದಿಲ್ಲ, ತಾಳ್ಮೆ ಬೇಕು.

ಕಿರಾಲುಬೋಗಿ: ಪಶ್ಚಿಮ ಘಟ್ಟದ್ದೇ ಮರ, ಬಹಳ ಗಟ್ಟಿ, ಕಾಡಿನಲ್ಲಿ ಕಡಿಮೆ ಆಗಿದೆ. ಹಳೆ ಮನೆಯ ಪಕ್ಕಾಸಿನದ್ದು ಸಿಕ್ಕಿದ್ರೆ ಮಾತ್ರ ಬಳಸಿ, ಹೊಸತು ಹುಡುಕ್ಲಿಕ್ಕೆ ಹೋಗ್ಬೇಡಿ.

ತೆಂಗು: ಹಳೆ ಮರದ ಬುಡದ, ಹೊರ ಸುತ್ತಿನ ಭಾಗ ಮಾತ್ರ. ಅಲ್ಲಿ ಘನ ಮೀಟರಿಗೆ 600 ಕೆಜಿಗಿಂತ ಹೆಚ್ಚು ಸಾಂದ್ರ, ನಡುವಿನದ್ದು 400ಕ್ಕಿಂತ ಕಡಿಮೆ, ಉಗುರಿನಲ್ಲಿ ಒತ್ತಿದ್ರೆ ಗುಂಡಿ ಬೀಳ್ತದೆ. ಕಂದು ನೆಲದಲ್ಲಿ ಕಪ್ಪು ನಾರಿನ ಚುಕ್ಕಿ ಗೆರೆ ತಾಳೆ ಜಾತಿ ಬಿಟ್ಟು ಬೇರೆ ಮರದಲ್ಲಿ ಬರುದಿಲ್ಲ. ಆದ್ರೆ ನಾರು ಎದ್ದು ಬೆರಳಿಗೆ ಚುಚ್ತದೆ, ತೆಳು ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡದೆ ಹಿಡಿ ಮಾಡ್ಬೇಡಿ. ಅದೇ ತಾಳೆ ಜಾತಿಯ ಬೈನೆಗೂ ಇದೇ ಮಾತು.

ಮಾವು: ಮಳೆಗೆ ಬಿದ್ದು ಅರೆ ಕೊಳೆತ ದಿಮ್ಮಿಯಲ್ಲಿ ಶಿಲೀಂಧ್ರ ಎಳೆದ ಕಪ್ಪು ಗೆರೆಗಳು ನಕ್ಷೆ ಬರೆದ ಹಾಗೆ ಇರ್ತವೆ, ನೋಡಿದವರು ಬಿಡುದಿಲ್ಲ. ಆದ್ರೆ ಕೊಳೆತ ಭಾಗ ಮೆತ್ತಗೆ. ರೆಸಿನ್ ಕುಡಿಸಿ ಗಟ್ಟಿ ಮಾಡಿದ್ರೆ ಮಾತ್ರ ಹಿಡಿಗೆ ಆಗ್ತದೆ.

ಬೇಡವೇ ಬೇಡ ಅನ್ನುವ ಮರ: ಹೊಲಗೇರು. ಅದರ ಸೊನೆ ತಾಗಿದ್ರೆ ಮೈ ಸುಟ್ಟು ಗುಳ್ಳೆ ಏಳ್ತದೆ. ಗೇರು ಕೂಡ ಸೊನೆಯ ಜಾತಿ, ಬಿಡಿ. ಕಾಸರಕನ ಮರದಲ್ಲಿ ವಿಷ ಉಂಟು, ಅಡಿಗೆಮನೆಗೆ ತರುವ ಮಾತೇ ಇಲ್ಲ. ಯಾವ ಮರ ಅಂತ ಗುರುತು ಸಿಗದ ಸೌದೆ ತುಂಡನ್ನೂ ಬಣ್ಣ ನೋಡಿ ಎತ್ಕೊಳ್ಬೇಡಿ.

ಹಂತ 2: ತುಂಡನ್ನು ಕೈಯಲ್ಲಿ ಹಿಡಿದು ನೋಡುದು

ಹಳೆ ಪಕ್ಕಾಸು ಆದ್ರೆ ಮೊದಲು ಆಯಸ್ಕಾಂತ ಉದ್ದಕ್ಕೂ ಓಡಿಸಿ. ಮುರಿದ ಮೊಳೆ ಒಳಗೇ ಇರ್ತದೆ, ಗರಗಸದ ಹಲ್ಲು ಹೋಗ್ತದೆ. ಮೊಳೆ ಇದ್ದ ಕಡೆ ಮರ ಕಪ್ಪು ನೀಲಿ ಆಗಿರ್ತದೆ, ಮರದ ಒಗರಿಗೂ ಕಬ್ಬಿಣಕ್ಕೂ ನೀರು ಸೇರಿದಾಗ ಬರುವ ಕಲೆ ಅದು, ಉಜ್ಜಿದ್ರೆ ಹೋಗುದಿಲ್ಲ, ಅಷ್ಟು ಭಾಗ ಕೊಯ್ದು ಬಿಡಿ.

ಮತ್ತೆ ಒಂದು ತುದಿಯಿಂದ ಅರ್ಧ ಇಂಚು ಹೊಸತಾಗಿ ಕೊಯ್ದು ಆ ಮುಖವನ್ನು 220ರಲ್ಲಿ ಉಜ್ಜಿ, ಬೆರಳಿನಲ್ಲಿ ಚೂರು ನೀರು ಸವರಿ ಬೆಳಕಿಗೆ ಹಿಡೀರಿ. ಈಗ ಎಲ್ಲ ಕಾಣ್ತದೆ: ನಡುವಿನಿಂದ ಹೊರಗೆ ಓಡುವ ಸಣ್ಣ ಬಿರುಕು, ಸೂಜಿ ತೂತು, ತೇಗದಲ್ಲಾದ್ರೆ ವರ್ಷದ ಗೆರೆ ಯಾವ ಕಡೆ ಬಾಗಿದೆ ಅಂತ. ಸೂಜಿ ತೂತಿನಿಂದ ಹಿಟ್ಟಿನ ಹಾಗಿನ ಹುಡಿ ಉದುರಿದ್ರೆ ಒಳಗೆ ಹುಳ ಜೀವಂತ ಉಂಟು, ಆ ತುಂಡನ್ನು ಮನೆಯ ಬಾಕಿ ಮರದ ಹತ್ತಿರವೂ ಇಡ್ಬೇಡಿ. ಮರದ ನಟ್ಟನಡುವಿನ ತಿರುಳು ಇರುವ ತುಂಡು ಬೇಡ, ಅದು ಎಷ್ಟು ಒಣಗಿದ್ರೂ ಸೀಳ್ತದೆ.

ಹಂತ 3: ಒಣಗಿಸುದು

ಹೆಚ್ಚಿನ ಹಿಡಿಗಳು ಕೆಡುದು ಈ ಹಂತ ಹಾರಿಸಿದ್ದರಿಂದ. ಅವಸರ ಬೇಡ ಮಾರಾಯ್ರೆ.

ಹಸಿ ಮರ ಆದ್ರೆ ಕಡಿದ ದಿನವೇ ಎರಡು ತುದಿಗೂ ಕರಗಿಸಿದ ಮೇಣ ಅಥವಾ ದಪ್ಪ ಪೈಂಟ್ ಬಳೀರಿ. ಬದಿಗಿಂತ ತುದಿಯಿಂದ ನೀರು ಬಹಳ ಬೇಗ ಹೋಗ್ತದೆ, ತುದಿ ಮೊದಲು ಒಣಗಿದ್ರೆ ಬಿರುಕು ಅಲ್ಲಿಂದ ಶುರು ಆಗಿ ಒಳಗೆ ಓಡ್ತದೆ. ಆಮೇಲೆ 15 ಮಿಮೀ ದಪ್ಪದ ಹಲಗೆ ಮಾಡಿ, ನಡುನಡುವೆ ಸಣ್ಣ ಕಡ್ಡಿ ಇಟ್ಟು ಪೇರಿಸಿ, ಗಾಳಿ ಆಡುವ ನೆರಳಲ್ಲಿ ಇಡಿ, ಮೇಲೆ ಒಂದು ಭಾರದ ಕಲ್ಲು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುದು ಹಳೆ ಲೆಕ್ಕ, ತೆಳು ಹಲಗೆಗೆ ಅಷ್ಟು ಬೇಡ, ಆದ್ರೆ ಒಂದು ಬೇಸಿಗೆ ಪೂರ್ತಿ ಸಿಗ್ಲೇಬೇಕು. ಅಂಗಳದ ಬಿಸಿಲಿಗೆ ಅಡಿಕೆ ಜೊತೆ ಹರವುದು, ಬಚ್ಚಲು ಒಲೆ ಮೇಲಿಡುದು, ಮೈಕ್ರೋವೇವ್‌ಗೆ ಹಾಕುದು, ಈ ಮೂರೂ ಬೇಡ.

ಒಣಗಿದ್ಯಾ ಅಂತ ಕೈಯಿಂದ ಮುಟ್ಟಿ ಹೇಳ್ಲಿಕ್ಕೆ ಯಾರಿಗೂ ಆಗುದಿಲ್ಲ. ತುಂಡಿನ ಮೇಲೆ ಪೆನ್ಸಿಲಿನಲ್ಲಿ ದಿನಾಂಕ, ತೂಕ ಬರೀರಿ, ವಾರಕ್ಕೊಮ್ಮೆ ತೂಗಿ ಅದರ ಕೆಳಗೆ ಬರೀರಿ. ತೂಕ ಇಳೀತಾ ಹೋಗಿ, ಮೂರು ನಾಲ್ಕು ವಾರ ಒಂದೇ ಕಡೆ ನಿಂತ್ರೆ ಆ ಜಾಗದ ಹವೆಗೆ ಎಷ್ಟು ಒಣಗ್ಬೇಕೋ ಅಷ್ಟು ಒಣಗಿತು ಅಂತ ಅರ್ಥ. "ಆ ಜಾಗದ ಹವೆಗೆ" ಅನ್ನುದನ್ನು ಗಮನಿಸಿ. ಜುಲೈಯಲ್ಲಿ ತೂಕ ನಿಂತ್ರೂ ಮರದಲ್ಲಿ ನೀರು ಬೇಕಾದಷ್ಟು ಉಂಟು. ಹಾಗಾಗಿ ಅಂಟಿಸುವ ಕೆಲಸ ಡಿಸೆಂಬರಿಂದ ಮಾರ್ಚ್ ಒಳಗೆ ಇಟ್ಕೊಳ್ಳಿ. ಮಳೆಗಾಲದಲ್ಲೇ ಮಾಡ್ಬೇಕಾದ್ರೆ ಹೋಳುಗಳನ್ನು ಫ್ರಿಜ್ ಮೇಲೆ, ಅಥವಾ ಎಸಿ ಇರುವ ಕೋಣೆಯಲ್ಲಿ ತೂಕ ಮತ್ತೆ ನಿಲ್ಲುವವರೆಗೆ ಇಡಿ. ಒಣ ಮರ ಮಳೆಗಾಲದಲ್ಲಿ ಚೂರು ಉಬ್ಬಿದ್ರೆ ದೊಡ್ಡ ನಷ್ಟ ಇಲ್ಲ, ಹಸಿ ಮರ ಆಮೇಲೆ ಕುಗ್ಗಿದ್ರೆ ಹಿಡಿಯೇ ಹೋಯ್ತು.

ದುಬೈಯಲ್ಲೋ ಕತಾರಲ್ಲೋ ಇರುವ ಮನೆಯವರಿಗೆ ಕೊಡುವ ಚೂರಿ ಆದ್ರೆ ಈ ಎಸಿ ಕೋಣೆಯ ಕ್ರಮ ಕಡ್ಡಾಯ.

ಹಂತ 4: ಹೋಳು ಮಾಡಿ ಮಟ್ಟ ಮಾಡುದು

ಒಂದೇ ತುಂಡನ್ನು ನಡುವಿಗೆ ಸೀಳಿ ಪುಸ್ತಕ ಬಿಡಿಸಿದ ಹಾಗೆ ಎರಡು ಹೋಳು ಮಾಡಿ, ಆಗ ಎರಡು ಬದಿಯ ಗೆರೆ ಜೋಡಿ ಆಗ್ತದೆ, ಎರಡೂ ಒಂದೇ ರೀತಿ ಉಬ್ಬುತ್ತವೆ, ಕುಗ್ಗುತ್ತವೆ. ಎಳೆ ಹಿಡಿಯ ಉದ್ದಕ್ಕೇ ಹೋಗ್ಬೇಕು. ತುದಿ ನೋಡಿದಾಗ ವರ್ಷದ ಗೆರೆಗಳು ಕಬ್ಬಿಣಕ್ಕೆ ಅಂಟುವ ಮುಖದ ಮೇಲೆ ನೆಟ್ಟಗೆ ನಿಂತಿದ್ರೆ ಅದು ಸರಿ ದಿಕ್ಕು, ಮಲಗಿದ್ರೆ ಮೊದಲೇ ಹೇಳಿದ ಆ ಅರ್ಧ ಮಿಲಿಮೀಟರ್ ಕುಗ್ಗುವ ದಿಕ್ಕು. ಹಲಸು, ಮಾವಿನಲ್ಲಿ ಗೆರೆ ಸ್ಪಷ್ಟ ಇರುದಿಲ್ಲ, ದಿಮ್ಮಿಯ ನಡು ಯಾವ ಕಡೆ ಇತ್ತು ಅಂತ ಗುರುತು ಹಾಕಿಟ್ರೆ ಸಾಕು.

ಕೊಯ್ದ ಮೇಲೆ ಎರಡು ದಿನ ಹಾಗೇ ಬಿಡಿ. ಒಳಗಿನ ಬಿಗಿ ಬಿಟ್ಟು ಚೂರು ಬಾಗುದಿದ್ರೆ ಈಗಲೇ ಬಾಗ್ಲಿ. ಆಮೇಲೆ ಗಾಜಿನ ಮೇಲೆ 120 ಪೇಪರ್ ಅಂಟಿಸಿ, ಹೋಳಿನ ಒಳಮುಖದಲ್ಲಿ ಪೆನ್ಸಿಲ್ ಗೀಟು ಹಾಕಿ ಉಜ್ಜಿ. ಗೀಟು ಎಲ್ಲ ಕಡೆ ಒಟ್ಟಿಗೆ ಮಾಯ ಆದ್ರೆ ಮಟ್ಟ ಆಯ್ತು. ಅಲಗಿನ ಬಾಲಕ್ಕೆ ಒತ್ತಿ ಬೆಳಕಿಗೆ ಹಿಡೀರಿ, ಸಂದಿಯಲ್ಲಿ ಬೆಳಕು ಕಂಡ್ರೆ ಪುನಃ ಉಜ್ಜಿ. ಕ್ಲ್ಯಾಂಪ್ ಬಿಗಿದ್ರೆ ಸಂದಿ ಮುಚ್ತದಲ್ಲ ಅಂತ ಮುಂದೆ ಹೋಗುವವರ ಹಿಡಿಯೇ ಮೊದಲು ಬಿಡುದು.

ಹಂತ 5: ತೂತು ಮತ್ತು ಎದುರಿನ ಮುಖ

ಅಲಗಿನ ಬಾಯಿಗೆ ಮೊದಲು ದಪ್ಪ ಟೇಪ್ ಸುತ್ತಿ. ಇದು ಮರೆತು ಕೈ ಕೊಯ್ಕೊಂಡವರು ಬಹಳ ಜನ.

ಒಂದು ಹೋಳನ್ನು ಬಾಲಕ್ಕೆ ಕ್ಲ್ಯಾಂಪ್ ಮಾಡಿ, ಬಾಲದ ತೂತಿನ ಮೂಲಕವೇ ಮರಕ್ಕೆ ತೂತು ಕೊರೀರಿ, ಮತ್ತೆ ಇನ್ನೊಂದು ಹೋಳು. ಕೆಳಗೆ ಬೇಡದ ಮರದ ತುಂಡು ಇಟ್ಟು ಕೊರೀರಿ, ಇಲ್ಲದಿದ್ರೆ ಹೊರಬರುವ ಕಡೆ ಮರ ಸಿಡೀತದೆ. ಮರದಲ್ಲಿ ತೂತು 5 ಮಿಮೀ. ಎರಡೂ ಹೋಳಿಗೆ ಕೊರೆದಾದ ಮೇಲೆ ಕಬ್ಬಿಣದ ತೂತನ್ನು ಚೂರು ಅಗಲ ಮಾಡಿ, 5.5 ಆದ್ರೆ ಒಳ್ಳೆದು, ಆ ಸಡಿಲವೇ ಮರ ಅಲುಗಾಡ್ಲಿಕ್ಕೆ ಜಾಗ. ಪಿನ್ನು ಹಿತ್ತಾಳೆಯದ್ದೇ ಇರ್ಲಿ, ಕಬ್ಬಿಣದ ಮೊಳೆ ಹಾಕಿದ್ರೆ ತುಕ್ಕು, ಸುತ್ತ ಕಪ್ಪು ಕಲೆ ಎರಡೂ ಬರ್ತದೆ. ಪಿನ್ನಿನ ತಲೆ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುದು ಹುಣಸೆ, ಬೀಟೆಗೆ ಬೇಡ, ಸೀಳು ಬೀಳ್ತದೆ.

ಎಲ್ಲರೂ ಮರೆಯುದು ಹಿಡಿಯ ಎದುರಿನ ಮುಖ, ಅಂದ್ರೆ ಅಲಗಿನ ಕಡೆಗೆ ಇರುವ ಕೊನೆ. ಎರಡು ಹೋಳನ್ನೂ ಪಿನ್ನಿನಲ್ಲಿ ಜೋಡಿಸಿ, ಆ ಮುಖವನ್ನು ಈಗಲೇ 400ರವರೆಗೆ ಉಜ್ಜಿ ಮುಗಿಸಿ. ಅಂಟಿಸಿದ ಮೇಲೆ ಅಲ್ಲಿಗೆ ಪೇಪರ್ ಹೋದ್ರೆ ಅಲಗಿನ ಮೇಲೆ ಗೀರು ಬೀಳ್ತದೆ, ಅದು ಮತ್ತೆ ಹೋಗುದಿಲ್ಲ.

ಹಂತ 6: ಅಂಟಿಸುದು

ಅನುಕ್ರಮ ತಪ್ಪಿಸ್ಬೇಡಿ. ಮೊದಲು ಅಂಟು ಇಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ಕ್ಲ್ಯಾಂಪ್ ಹಾಕಿ ನೋಡಿ. ಸರಿ ಕೂತ್ರೆ ಬಿಚ್ಚಿ, ಕಬ್ಬಿಣವನ್ನು 80 ಪೇಪರಿನಲ್ಲಿ ಒರಟು ಮಾಡಿ, ಹೊಳೆಯುವ ಕಬ್ಬಿಣಕ್ಕೆ ಎಪಾಕ್ಸಿ ಕೂತುಕೊಳ್ಳುದಿಲ್ಲ. ಮರದ ಒಳಮುಖಕ್ಕೂ 80ರಲ್ಲಿ ಎರಡು ಗೀರು. ಆಮೇಲೆ ಎರಡನ್ನೂ ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ತೇಗ, ಬೀಟೆಯಲ್ಲಿ ಬಟ್ಟೆಗೆ ಬಣ್ಣ ಬರ್ತದೆ, ಅದೇ ಆ ಎಣ್ಣೆ ಅಂಶ, ಬಣ್ಣ ಬರುದು ಕಡಿಮೆ ಆಗುವವರೆಗೆ ಹೊಸ ಬಟ್ಟೆ ತಕ್ಕೊಂಡು ಒರೆಸಿ, ಅಸಿಟೋನ್ ಆರಿದ ಕೂಡಲೇ ಅಂಟು ಹಚ್ಚಿ. ಬೆಳಿಗ್ಗೆ ಒರೆಸಿ ಸಂಜೆ ಅಂಟಿಸಿದ್ರೆ ಎಣ್ಣೆ ಪುನಃ ಮೇಲೆ ಬಂದಿರ್ತದೆ.

5 ನಿಮಿಷದ ಎಪಾಕ್ಸಿ ಬೇಡ, ನೀರಿಗೆ ಅದು ನಿಧಾನದ್ದರಷ್ಟು ತಡೆಯುದಿಲ್ಲ. ಎರಡು ಟ್ಯೂಬಿನದ್ದೂ ಸಮ ಅಳತೆ, ಸಾಧ್ಯ ಇದ್ರೆ ಪ್ಯಾಕೆಟಿನ ಸೂಚನೆ ನೋಡಿ ತೂಗಿಯೇ ಹಾಕಿ, ಎರಡು ನಿಮಿಷ ಕಲಸಿ. ಎರಡು ಮುಖಕ್ಕೂ ತೆಳುವಾಗಿ ಸವರಿ, ಪಿನ್ನಿಗೂ ಹಚ್ಚಿ ತೂರಿಸಿ.

ಕ್ಲ್ಯಾಂಪ್ ಬಿಗಿಯುವಾಗ ಕೈ ತಡೀರಿ. ಸುತ್ತಲೂ ಅಂಟು ಮಣಿ ಮಣಿಯಾಗಿ ಹೊರಗೆ ಬಂದ ಕೂಡಲೇ ನಿಲ್ಲಿಸಿ, ಇನ್ನೂ ತಿರುಗಿಸಿದ್ರೆ ಒಳಗೆ ಅಂಟೇ ಉಳಿಯುದಿಲ್ಲ. ಒಂದು ಕಡೆ ಮಣಿ ಬಾರದೇ ಇದ್ರೆ ಅಲ್ಲಿ ಅಂಟು ಸಾಲ್ಲಿಲ್ಲ ಅಥವಾ ಮಟ್ಟ ಇಲ್ಲ, ಈಗಲೇ ಬಿಚ್ಚಿ ಸರಿ ಮಾಡಿ. ಎದುರಿನ ಮುಖದ ಹತ್ತಿರ ಬಂದ ಅಂಟನ್ನು ಹತ್ತಿ ಕಡ್ಡಿ, ಅಸಿಟೋನಿನಲ್ಲಿ ಆಗಲೇ ಒರೆಸಿ. ಮತ್ತೆ 24 ಗಂಟೆ ಮುಟ್ಬೇಡಿ.

ಹಂತ 7: ಆಕಾರ ಕೊಟ್ಟು ಉಜ್ಜುದು

ಒರಟು ಅರದಲ್ಲಿ ಶುರು ಮಾಡಿ, ಕಬ್ಬಿಣ ಕಾಣುವ ಹತ್ತಿರ ಬಂದಾಗ ನಯ ಅರ. ಆಗಾಗ ಒದ್ದೆ ಕೈಯಲ್ಲಿ ಹಿಡಿದು ನೋಡಿ, ಮೀನು ಕೊಯ್ಯುವಾಗ ಕೈ ಒದ್ದೆಯೇ ಇರುದು. ಕೆಳಗೆ ಚೂರು ಹೊಟ್ಟೆ, ಹಿಂದೆ ಚೂರು ಅಗಲ ಇದ್ರೆ ಜಾರುದಿಲ್ಲ.

ಬೆಲ್ಟ್ ಸ್ಯಾಂಡರ್ ಇರುವವರು ಪಿನ್ನಿಗೆ ಬೆರಳು ತಾಗಿಸಿ ನೋಡ್ತಾ ಇರಿ. ಬೆರಳು ಇಡ್ಲಿಕ್ಕೆ ಆಗದಷ್ಟು ಬಿಸಿ ಆದ್ರೆ ಒಳಗೆ ಎಪಾಕ್ಸಿ ಮೆತ್ತಗೆ ಆಗ್ಲಿಕ್ಕೆ ಶುರು ಆಗಿದೆ. ಅಲಗು ನೀಲಿ ಬಣ್ಣಕ್ಕೆ ತಿರುಗಿದ್ರೆ ಅಷ್ಟು ಭಾಗದ ಹದ ಹೋಯ್ತು.

80, 120, 220, 400, ಯಾವುದನ್ನೂ ಹಾರಿಸ್ಬೇಡಿ. 220 ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗ್ಲಿಕ್ಕೆ ಬಿಡಿ, ಮಲಗಿದ್ದ ನಾರು ಎದ್ದು ಒರಟು ಆಗ್ತದೆ, ಆಗ 400ರಲ್ಲಿ ತೆಗೀರಿ. ಇದು ಮಾಡದಿದ್ರೆ ಮೊದಲ ಸಲ ಚೂರಿ ತೊಳೆದಾಗ ಆ ನಾರು ಏಳ್ತದೆ.

ಹಂತ 8: ಎಣ್ಣೆ

ತೆಂಗಿನೆಣ್ಣೆ ಬೇಡ. ಮನೆಯಲ್ಲಿ ಉಂಟು ಅಂತ ಎಲ್ಲರೂ ಹಚ್ಚುದು ಅದನ್ನೇ, ಆದ್ರೆ ಅದು ಎಂದಿಗೂ ಒಣಗಿ ಗಟ್ಟಿ ಆಗುವ ಎಣ್ಣೆ ಅಲ್ಲ, ಜಿಡ್ಡು ಹಾಗೇ ಉಳಿದು ಧೂಳು ಹಿಡಿದು ಮಳೆಗಾಲದಲ್ಲಿ ಬೂಸ್ಟು ಬರ್ತದೆ. ಬೇಕಾದದ್ದು ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ, ಇವು ಗಾಳಿ ತಾಗಿ ಗಟ್ಟಿ ಆಗ್ತವೆ. ತೆಳುವಾಗಿ ಹಚ್ಚಿ, 15 ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ, ಕೈಗೆ ಅಂಟು ಅನ್ನಿಸದಷ್ಟು ಒಣಗಿದ ಮೇಲೆ ಮುಂದಿನ ಕೈ. ನಾಲ್ಕೈದು ಕೈ ಬೇಕು. ಹಸಿ ಅಗಸೆ ಎಣ್ಣೆ ಒಂದೊಂದು ಕೈ ಒಣಗ್ಲಿಕ್ಕೆ ದಿನಗಟ್ಲೆ ತಕ್ಕೊಳ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ದಪ್ಪ ಹಚ್ಚಿದ್ರೆ ಬೇಗ ಮುಗೀತದೆ ಅಂತ ಅಲ್ಲ, ಅಂಟಂಟು ಪದರ ಆಗಿ ಕೂತುಕೊಳ್ತದೆ. ಕೊನೆಗೆ ಚೂರು ಜೇನುಮೇಣ.

ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕ್ಬೇಡಿ, ಒಣಗುವಾಗ ಅದರೊಳಗೆ ಬಿಸಿ ಹುಟ್ಟಿ ತನ್ನಷ್ಟಕ್ಕೇ ಬೆಂಕಿ ಹತ್ತುದು ಉಂಟು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲ ನೀರಿನಲ್ಲಿ ಮುಳುಗಿಸಿ ಇಡಿ.

ಫ್ರೆಂಚ್ ಪಾಲಿಶ್ ಕುರ್ಚಿಗೆ ಸರಿ, ಚೂರಿಗೆ ನೀರು ತಾಗಿ ಬಿಳಿ ಮಸುಕು ಬರ್ತದೆ.

ಹಂತ 9: ಬಳಸುವಾಗ, ಮತ್ತೆ ಬಿರುಕು ಕಂಡ್ರೆ

ಎಣ್ಣೆ ನೀರನ್ನು ತಡೆದು ನಿಲ್ಲಿಸುದಿಲ್ಲ, ನಿಧಾನ ಮಾಡ್ತದೆ ಅಷ್ಟೆ. ಸಿಂಕಿನಲ್ಲಿ ನೆನೆ ಹಾಕ್ಬೇಡಿ, ತೊಳೆದ ಕೂಡಲೇ ಒರೆಸಿ, ಡಿಶ್‌ವಾಶರ್‌ಗೆ ಹಾಕುದೇ ಬೇಡ. ಮಳೆಗಾಲ ಶುರು ಆಗುವ ಮುಂಚೆ ಮೇ ತಿಂಗಳಲ್ಲಿ ಒಂದು ಕೈ ಎಣ್ಣೆ, ಗಾಳಿ ಒಣಗುವ ಡಿಸೆಂಬರಲ್ಲಿ ಇನ್ನೊಂದು. ಚರ್ಮದ ಒರೆಯಲ್ಲಿ ಹಾಕಿ ಕಪಾಟಿನೊಳಗೆ ಇಟ್ರೆ ಜುಲೈಯಲ್ಲಿ ಬೂಸ್ಟು, ತುಕ್ಕು ಎರಡೂ ಖಂಡಿತ, ಗೋಡೆಗೆ ತೂಗು ಹಾಕಿ.

ಹಿಡಿಯ ಅಂಚಿನಲ್ಲಿ ಉಗುರು ಓಡಿಸಿದಾಗ ಕಬ್ಬಿಣ ಮೇಲೆ ಎದ್ದ ಹಾಗೆ ತಾಗಿದ್ರೆ ಮರ ಕುಗ್ಗಿದೆ. ಇಷ್ಟೇ ಆಗಿ ಬಿರುಕು ಇಲ್ಲದಿದ್ರೆ ಅಂಚನ್ನು 220ರಲ್ಲಿ ಸಮ ಮಾಡಿ ಎಣ್ಣೆ ಹಚ್ಚಿದ್ರೆ ಆಯ್ತು. ಪಿನ್ನಿನಿಂದ ಹೊರಟ ಕೂದಲೆಳೆ ಬಿರುಕು ಆದ್ರೆ ಅದೇ ಮರದ ನಯ ಹುಡಿ ತುಂಬಿ, ಮೇಲಿಂದ ತೆಳು ಸೂಪರ್ ಗ್ಲೂ ಬಿಟ್ಟು, ಗಟ್ಟಿ ಆದ ಮೇಲೆ ಉಜ್ಜಿ. ಆದ್ರೆ ಬಿರುಕು ಪಿನ್ನಿಂದ ಪಿನ್ನಿಗೆ ಹೋಗಿದ್ರೆ, ಅಥವಾ ಹೋಳು ಮತ್ತು ಕಬ್ಬಿಣದ ನಡುವೆ ಕಾಗದ ತೂರ್ತದೆ ಅಂತಾದ್ರೆ ತೇಪೆ ಹಾಕ್ಬೇಡಿ, ಆ ಸಂದಿಯಲ್ಲಿ ಮೀನಿನ ನೀರು ಹೋಗಿ ಕೊಳೀತದೆ, ಬಾಲಕ್ಕೆ ಒಳಗಿನಿಂದ ತುಕ್ಕು ಹಿಡೀತದೆ. ಪಿನ್ನು ಕೊರೆದು ತೆಗೆದು, ಹೋಳು ಎಬ್ಬಿಸಿ, ಹಂತ 3ರಿಂದ ಪುನಃ ಮಾಡಿ.